ಏನೂ ಮಾಡದ ಪ್ರೋಗ್ರಾಮಿನಿಂದ ಶುರು

ಕಳೆದ ತಿಂಗಳು ಒಂದು ಸಂಜೆ ಕೆಳಗಿನ ಮನೆಯ ಹುಡುಗಿ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿಕೊಂಡಳು. ಹುಡುಗಿ ಎಂದರೆ ನನಗೆ ಹುಡುಗಿ. ಮೂವತ್ತಾರು ದಾಟಿದೆ, ಇಬ್ಬರು ಮಕ್ಕಳ ತಾಯಿ. ಹಿಂದೆ ಆರು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದವಳು. "ಅಕ್ಕಾ, ಕೆಲಸ ಬಿಟ್ಟು ಒಂಬತ್ತು ವರ್ಷ ಆಯ್ತು. ಚಿಕ್ಕವನೂ ಸ್ಕೂಲಿಗೆ ಹೋಗ್ತಿದಾನೆ. ಈಗ ಏನು ಕಲಿತರೆ ಮತ್ತೆ ಒಳಗೆ ತಗೋತಾರೆ? ನೀವು ಯಾವುದೋ ಹಳೇ ಕಂಪ್ಯೂಟರ್ ಮೇಲೆ ಕೆಲಸ ಮಾಡ್ತೀರಂತಲ್ಲ, ಅದನ್ನ ಮನೇಲಿ ಕೂತು ಕಲಿಯೋಕಾಗುತ್ತಾ?"

ಆಗುತ್ತೆ ಅಂದೆ. ಆದರೆ ಅವಳು 'ಕಲಿಯುವುದು' ಅಂದಾಗ ಮನಸ್ಸಿನಲ್ಲಿದ್ದದ್ದು ಬೇರೆ, ನಾನು ಹೇಳಬೇಕೆಂದಿದ್ದದ್ದು ಬೇರೆ. ಮೆಟ್ಟಿಲ ಮೇಲೆ ಅಷ್ಟೆಲ್ಲ ಹೇಳಲಾಗಲಿಲ್ಲ. ಅದೇ ಪ್ರಶ್ನೆ ಇಟ್ಟುಕೊಂಡವರು ಇನ್ನೂ ಹಲವರಿದ್ದಾರೆ ಎಂದು ಗೊತ್ತಿರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಈ 'ಹಳೇ ಕಂಪ್ಯೂಟರ್' ಯಾವುದು ಎನ್ನುವುದು. ಅದಕ್ಕೆ ಮೇನ್‌ಫ್ರೇಮ್ ಎನ್ನುತ್ತಾರೆ. 1964ರ ಏಪ್ರಿಲ್ 7ರಂದು ಐಬಿಎಂ ಕಂಪನಿ ಸಿಸ್ಟಂ/360 ಎಂಬ ಯಂತ್ರಗಳ ಒಂದು ಕುಟುಂಬವನ್ನೇ ಜಗತ್ತಿನ ಮುಂದಿಟ್ಟಿತು. ಅಲ್ಲಿಯವರೆಗೆ ಚಿಕ್ಕ ಯಂತ್ರ ಕೊಂಡ ಕಚೇರಿ ದೊಡ್ಡದಕ್ಕೆ ಹೋಗಬೇಕಾದರೆ ಪ್ರೋಗ್ರಾಮುಗಳನ್ನೆಲ್ಲ ಹೊಸದಾಗಿ ಬರೆಸಬೇಕಿತ್ತು. 360ರಲ್ಲಿ ಹಾಗಿರಲಿಲ್ಲ, ಚಿಕ್ಕದಕ್ಕೆ ಬರೆದದ್ದು ದೊಡ್ಡದರಲ್ಲೂ ಓಡುತ್ತಿತ್ತು. ಐಬಿಎಂ ಆ ಮಾತನ್ನು ಇವತ್ತಿನವರೆಗೂ ಉಳಿಸಿಕೊಂಡು ಬಂದಿದೆ. ಅಂದು ಬರೆದ ಎಷ್ಟೋ ಪ್ರೋಗ್ರಾಮುಗಳು 2025ರಲ್ಲಿ ಬಂದ ಝಡ್17 ಯಂತ್ರದಲ್ಲೂ ಓಡುತ್ತವೆ. ಹಾಗಾಗಿ ಹಳೆಯದು ಎನ್ನುವುದು ಪೂರ್ತಿ ಸರಿಯಲ್ಲ. ಯಂತ್ರ ಹೊಸದು, ಅದರೊಳಗೆ ಓಡುವ ಲೆಕ್ಕಾಚಾರ ಮಾತ್ರ ಅಜ್ಜನ ಕಾಲದ್ದು.

ಆ ಲೆಕ್ಕಾಚಾರ ಯಾರದ್ದು? ಹೆಚ್ಚಾಗಿ ಅಮೆರಿಕ, ಯುರೋಪಿನ ಬ್ಯಾಂಕುಗಳದ್ದು, ವಿಮಾ ಕಂಪನಿಗಳದ್ದು, ಸರ್ಕಾರಿ ಇಲಾಖೆಗಳದ್ದು. ನಮ್ಮ ಬ್ಯಾಂಕುಗಳ ಕಥೆ ಬೇರೆ. ಐಬಿಎಂ 1978ರಲ್ಲಿ ಭಾರತ ಬಿಟ್ಟು ಹೋಯಿತು. ಬ್ಯಾಂಕುಗಳಿಗೆ ಕಂಪ್ಯೂಟರ್ ತರುವ ದಾರಿಯನ್ನು ರಂಗರಾಜನ್ ಸಮಿತಿ ತೋರಿಸಿದ್ದು 1984ರಲ್ಲಿ. ಐಬಿಎಂ ಟಾಟಾ ಜತೆಗೂಡಿ ಬೆಂಗಳೂರಿಗೆ ಮರಳಿದ್ದು 1992ರಲ್ಲಿ. ಅಷ್ಟರಲ್ಲಿ ಜಗತ್ತು ಚಿಕ್ಕ ಸರ್ವರುಗಳ ಕಡೆ ಹೊರಳಿತ್ತು. ತಡವಾಗಿ ಶುರು ಮಾಡಿದ ನಮ್ಮ ಬ್ಯಾಂಕುಗಳು ಬಹುಪಾಲು ನೇರವಾಗಿ ಅವುಗಳ ಮೇಲೇ ಕೂತವು. ಆದ್ದರಿಂದ ಬೆಂಗಳೂರಿನಲ್ಲಿ ಮೇನ್‌ಫ್ರೇಮ್ ಕೆಲಸ ಎಂದರೆ ಹೆಚ್ಚುಕಡಿಮೆ ಹೊರದೇಶದವರ ಖಾತೆಗಳನ್ನು ನೋಡಿಕೊಳ್ಳುವ ಕೆಲಸ. ಇದರಲ್ಲಿ ಸಂಸಾರಸ್ಥರಿಗೆ ಒಂದು ಅನುಕೂಲವೂ ಇದೆ. ನ್ಯೂಯಾರ್ಕಿನಲ್ಲಿ ನಡುರಾತ್ರಿ ಆದಾಗ ಇಲ್ಲಿ ಬೇಸಿಗೆಯಲ್ಲಾದರೆ ಬೆಳಗಿನ ಒಂಬತ್ತೂವರೆ, ಚಳಿಗಾಲದಲ್ಲಾದರೆ ಹತ್ತೂವರೆ. ಅಲ್ಲಿನ ಬ್ಯಾಂಕು ಬಾಗಿಲು ಹಾಕಿ ದಿನದ ಲೆಕ್ಕ ಮುಗಿಸುವ ಬ್ಯಾಚ್ ಕೆಲಸಗಳು ಓಡುವ ಹೊತ್ತು ನಮ್ಮ ಹಗಲು. ಸರದಿಯ ಮೇಲೆ ರಾತ್ರಿ ಪಾಳಿ ಬರುವುದಿಲ್ಲ ಎಂದಲ್ಲ, ಆದರೆ ಬಹುಪಾಲು ದಿನ ಮಕ್ಕಳನ್ನು ಸ್ಕೂಲಿಗೆ ಕಳಿಸಿ ಬಂದು ಕೂತರೆ ಸರಿಯಾಗುತ್ತದೆ.

ನಾನು ಈ ಕೆಲಸಕ್ಕೆ ಸೇರಿದ್ದು 1998ರಲ್ಲಿ, ವೈಟುಕೆ ಜ್ವರ ಏರಿದ್ದಾಗ. ಒಂದು ಕಾಲಕ್ಕೆ ದತ್ತಾಂಶವೆಲ್ಲ ಎಂಬತ್ತು ಕಾಲಮ್ಮಿನ ರಟ್ಟಿನ ಕಾರ್ಡುಗಳ ಮೇಲೆ ಇರುತ್ತಿತ್ತು. ಅಲ್ಲಿ ಒಂದೊಂದು ಕಾಲಮ್ಮಿಗೂ ಬೆಲೆ. ಇಸವಿಯನ್ನು 1967 ಎಂದು ಬರೆಯುವ ಬದಲು 67 ಎಂದರೆ ಎರಡು ಕಾಲಮ್ ಉಳಿತಾಯ. ಹಾಗೆ ಉಳಿಸಿದ್ದರ ಬಾಕಿ 2000ದ ಹೊಸ್ತಿಲಲ್ಲಿ ಎದುರಾಯಿತು. ಅದನ್ನು ತೀರಿಸಲು ನಮ್ಮಂಥ ಸಾವಿರಾರು ಹುಡುಗ ಹುಡುಗಿಯರು ಬೇಕಾದರು. ಮೈಸೂರಿನಲ್ಲಿ ಡಿಗ್ರಿ ಮುಗಿಸಿ ಬಂದ ನನಗೆ ಬೆಂಗಳೂರಿನ ಒಂದು ತರಬೇತಿ ಕೇಂದ್ರದಲ್ಲಿ ಮೇನ್‌ಫ್ರೇಮಿನ ಭಾಷೆಯಾದ ಕೋಬಾಲ್ ಕಲಿಸಿದರು. ದಿನಕ್ಕೆ ಎರಡು ಗಂಟೆ ಮಾತ್ರ ಟರ್ಮಿನಲ್ ಸಿಗುತ್ತಿತ್ತು. ಉಳಿದ ಹೊತ್ತೆಲ್ಲ ರೂಲ್ಡ್ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಪ್ರೋಗ್ರಾಂ ಬರೆದು ನಾವೇ ತಿದ್ದಿಕೊಳ್ಳಬೇಕು. ಒಂಬತ್ತು ವರ್ಷ ದುಡಿದೆ. 2007ರಲ್ಲಿ ಎರಡನೆಯವಳು ಹುಟ್ಟಿದಳು, ಅತ್ತೆಗೆ ಪಾರ್ಶ್ವವಾಯು ಆಯಿತು, ಕೆಲಸ ಬಿಟ್ಟೆ. ಒಂದು ವರ್ಷಕ್ಕೆಂದು ಬಿಟ್ಟದ್ದು ಹದಿನಾಲ್ಕಾಯಿತು.

2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ನಡುವೆ, ಅಮೆರಿಕದ ನ್ಯೂಜೆರ್ಸಿ ರಾಜ್ಯದ ಗವರ್ನರ್ ಫಿಲ್ ಮರ್ಫಿ ಕೋಬಾಲ್ ಬಲ್ಲ ಸ್ವಯಂಸೇವಕರು ಬೇಕು ಎಂದು ಕೇಳಿಕೊಂಡ ಸುದ್ದಿ ಬಂತು. ನಿರುದ್ಯೋಗ ಭತ್ಯೆಗೆ ಅರ್ಜಿಗಳು ಒಮ್ಮೆಗೇ ನುಗ್ಗಿ ಅಲ್ಲಿನ ವ್ಯವಸ್ಥೆ ಕುಸಿದಿತ್ತು. ಕಂಪ್ಯೂಟರ್ ಚರಿತ್ರೆ ಬರೆಯುವ ಮಾರ್ ಹಿಕ್ಸ್ ಆಮೇಲೆ ತೋರಿಸಿಕೊಟ್ಟ ಹಾಗೆ, ಅಲ್ಲಿ ಸೋತದ್ದು ಹಿಂದಿನ ಕೋಬಾಲ್ ಅಲ್ಲ, ಅದರ ಮುಂದೆ ಕಟ್ಟಿದ್ದ ಹೊಸ ಜಾಲತಾಣ. ಆದರೆ ಅಂದು ನನಗೆ ಅದೆಲ್ಲ ಗೊತ್ತಿರಲಿಲ್ಲ. ಗೊತ್ತಾದದ್ದು ಇಷ್ಟೇ: ನಾನು ಸತ್ತುಹೋಯಿತು ಎಂದುಕೊಂಡಿದ್ದ ವಿದ್ಯೆಯನ್ನು ಒಬ್ಬ ಗವರ್ನರ್ ಕೈಮುಗಿದು ಕೇಳುತ್ತಿದ್ದಾನೆ. ಅಂದು ರಾತ್ರಿ ಅಟ್ಟದಿಂದ ಹಳೆಯ ನೋಟ್‌ಪುಸ್ತಕ ಇಳಿಸಿದೆ.

ಇಲ್ಲಿ ಒಬ್ಬರನ್ನು ನೆನೆಯದೆ ಮುಂದೆ ಹೋಗಲು ಮನಸ್ಸಿಲ್ಲ. ಕೋಬಾಲ್ ಭಾಷೆ 1959ರಲ್ಲಿ ರೂಪುಗೊಂಡಾಗ ಅದರ ಹಿಂದೆ ಹಲವು ಹೆಂಗಸರಿದ್ದರು. ಎಲ್ಲ ಕಂಪನಿಗಳ ಯಂತ್ರಕ್ಕೂ ಸಲ್ಲುವ ಒಂದು ವ್ಯವಹಾರದ ಭಾಷೆ ಬೇಕು ಎಂದು ಮೊದಲು ಕೂಗೆತ್ತಿದ್ದು ಮೇರಿ ಹಾಸ್. ಭಾಷೆಯನ್ನು ಕಟ್ಟಿದವರಲ್ಲಿ ಜೀನ್ ಸ್ಯಾಮೆಟ್ ಇದ್ದರು. ಅದಕ್ಕೆ ಮಾದರಿ ಒದಗಿಸಿದ್ದು ಗ್ರೇಸ್ ಹಾಪರ್ ಅವರ ಫ್ಲೋಮ್ಯಾಟಿಕ್. ಹಾಪರ್ ಅಮೆರಿಕದ ನೌಕಾಪಡೆಯಿಂದ 1966ರ ಕೊನೆಗೆ ಅರವತ್ತನೇ ವಯಸ್ಸಿನಲ್ಲಿ ನಿವೃತ್ತರಾದರು. ಮರುವರ್ಷವೇ, ನೌಕಾಪಡೆಯ ಕೋಬಾಲ್ ಒಂದೊಂದು ಕಡೆ ಒಂದೊಂದು ಥರ ಆಗಿದೆ, ಅದನ್ನು ಒಂದು ಹದಕ್ಕೆ ತಂದುಕೊಡಿ ಎಂದು ಆರು ತಿಂಗಳ ಮಟ್ಟಿಗೆ ವಾಪಸು ಕರೆದರು. ಆ ಆರು ತಿಂಗಳು ಬೆಳೆದು ಬೆಳೆದು, ಕೊನೆಗೆ ಅವರು ಸೇವೆಯಿಂದ ಇಳಿದದ್ದು 1986ರಲ್ಲಿ, ಎಪ್ಪತ್ತೊಂಬತ್ತನೇ ವಯಸ್ಸಿನಲ್ಲಿ. ನಲವತ್ತು ದಾಟಿದ ಮೇಲೆ ಕೀಲಿಮಣೆಯ ಮುಂದೆ ಕೂತ ನನಗೆ ಅವರ ಆ ಎರಡನೇ ಇನಿಂಗ್ಸ್ ಕೊಟ್ಟ ಧೈರ್ಯ ಸಣ್ಣದಲ್ಲ.

ಹಿಂದೆ ಮೇನ್‌ಫ್ರೇಮ್ ಕಲಿಯಲು ದೊಡ್ಡ ಅಡ್ಡಿ ಬುದ್ಧಿಯದ್ದಲ್ಲ, ಯಂತ್ರದ್ದು. ಜಾವಾ ಕಲಿಯುವವನಿಗೆ ಮನೆಯ ಕಂಪ್ಯೂಟರ್ ಸಾಕು. ಮೇನ್‌ಫ್ರೇಮನ್ನು ಯಾರು ಮನೆಗೆ ತರುತ್ತಾರೆ? ಕೆಲಸ ಬಿಟ್ಟ ದಿನವೇ ಯಂತ್ರವೂ ಕೈತಪ್ಪುತ್ತಿತ್ತು. ಆ ಬಾಗಿಲು ತೆರೆದದ್ದು 1999ರಲ್ಲಿ. ರೋಜರ್ ಬೌಲರ್ ಎಂಬ ಪ್ರೋಗ್ರಾಮರ್ ಹರ್ಕ್ಯುಲಿಸ್ ಎಂಬ ತಂತ್ರಾಂಶ ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು. ಅದು ನಿಮ್ಮ ಲ್ಯಾಪ್‌ಟಾಪನ್ನು ಒಳಗೊಳಗೇ ಒಂದು ಐಬಿಎಂ ಮೇನ್‌ಫ್ರೇಮ್ ಥರ ನಡೆದುಕೊಳ್ಳುವಂತೆ ಮಾಡುತ್ತದೆ. ಅದರ ಮೇಲೆ ಓಡಿಸಲು ಆಪರೇಟಿಂಗ್ ಸಿಸ್ಟಂ ಬೇಕಲ್ಲ? ಇವತ್ತಿನ ಝಡ್/ಒಎಸ್ ಲೈಸೆನ್ಸಿಲ್ಲದೆ ಸಿಗುವುದಿಲ್ಲ. ಆದರೆ ಅದರ ಪೂರ್ವಜ, 1980ರ ಆಸುಪಾಸಿನ ಎಂವಿಎಸ್ 3.8 ಮುಕ್ತವಾಗಿ ಸಿಗುತ್ತದೆ. ಆಸಕ್ತರು ಇವೆರಡನ್ನೂ ಜೋಡಿಸಿ, ಬೇಕಾದ ಸಲಕರಣೆಗಳನ್ನೆಲ್ಲ ಸೇರಿಸಿ, ಟಿಕೆ4, ಟಿಕೆ5 ಎಂಬ ಹೆಸರಿನ ಸಿದ್ಧ ಕಟ್ಟುಗಳನ್ನು ಮಾಡಿಟ್ಟಿದ್ದಾರೆ. ಇಳಿಸಿಕೊಂಡು, ಬಿಚ್ಚಿ, ಒಂದು ಆಜ್ಞೆ ಕೊಟ್ಟರೆ ಎದ್ದು ನಿಲ್ಲುತ್ತದೆ. ಮಗಳ ಆನ್‌ಲೈನ್ ಕ್ಲಾಸು ಮುಗಿದ ಮೇಲೆ ಅವಳ ಲ್ಯಾಪ್‌ಟಾಪಿನಲ್ಲಿ ನಾನು ಮೊದಲ ಬಾರಿ ಆ ಹಸಿರಕ್ಷರದ ಪರದೆ ಕಂಡಾಗ ರಾತ್ರಿ ಹನ್ನೊಂದೂವರೆ. ಬೆರಳುಗಳಿಗೆ ಎಷ್ಟೋ ಆಜ್ಞೆಗಳು ತಾವಾಗಿಯೇ ನೆನಪಿದ್ದವು.

ಈಗ ನಾನು ಆ ಹುಡುಗಿಗೆ ಹೇಳಬೇಕೆಂದಿದ್ದ ಮಾತಿಗೆ ಬರುತ್ತೇನೆ. ಹೊಸದಾಗಿ ಕಲಿಯುವವರು, ಬಹಳ ವರ್ಷದ ಮೇಲೆ ಮರಳುವವರು, ಎಲ್ಲರೂ ಮಾಡುವುದು ಒಂದೇ: ಕೋಬಾಲ್ ಪುಸ್ತಕ ಹಿಡಿದು ಪ್ರೋಗ್ರಾಂ ಬರೆಯಲು ಕೂರುವುದು. ಸಂಬಳದ ಪಟ್ಟಿ, ಅಂಕಪಟ್ಟಿ, ಬಡ್ಡಿ ಲೆಕ್ಕ. ನಾನೂ ಮೊದಲ ಎರಡು ತಿಂಗಳು ಹಾಗೇ ಕಳೆದೆ. ಆದರೆ ಮೇನ್‌ಫ್ರೇಮ್ ಕೆಲಸದಲ್ಲಿ ಬರೆಯುವುದು ಕಡಿಮೆ. ಹನ್ನೆರಡು ಸಾವಿರ ಸಾಲಿನ ಪ್ರೋಗ್ರಾಮಿನಲ್ಲಿ ಆರು ಸಾಲು ಬದಲಿಸಲು ನಾಲ್ಕು ದಿನ ಓದಿದ್ದೇನೆ. ಅದನ್ನು ಬರೆದವರು ನಿವೃತ್ತರಾಗಿರುತ್ತಾರೆ, ಕೆಲವರು ತೀರಿಕೊಂಡಿರುತ್ತಾರೆ. ಅವರು ಯಾಕೆ ಹಾಗೆ ಬರೆದರು ಎಂದು ಹೇಳುವವರು ಯಾರೂ ಇಲ್ಲ, ಆ ಸಾಲುಗಳೇ ಹೇಳಬೇಕು. ಕಲಿಯಬೇಕಾದದ್ದು ಓದುವುದನ್ನು. ಬೇರೆಯವರ ಪ್ರೋಗ್ರಾಮನ್ನು, ಕೆಟ್ಟುನಿಂತ ಕೆಲಸದ ವರದಿಯನ್ನು, ಯಂತ್ರ ಕೊಡುವ ಸಂದೇಶವನ್ನು. ಇದು ನನ್ನ ಗಟ್ಟಿ ಅಭಿಪ್ರಾಯ. ಮನೆಯಲ್ಲಿ ಕಲಿಯುವವರಿಗೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ ಎನ್ನುವ ಬೇಸರವೂ ಇದೆ.

ಓದುವುದು ಎಂದರೆ ಏನು ಎಂದು ತೋರಿಸಲು ಒಂದು ಉದಾಹರಣೆ ಕೊಡುತ್ತೇನೆ. ಮೇನ್‌ಫ್ರೇಮಿನವರನ್ನು ಯಾರನ್ನಾದರೂ ಕೇಳಿ, 'ಸಾಕ್ ಸೆವೆನ್' ಅಂದರೆ ಮುಖ ಗಂಭೀರವಾಗುತ್ತದೆ. ಪ್ರೋಗ್ರಾಂ ನಡುವೆ ಬಿದ್ದು ಸಾಯುವುದಕ್ಕೆ ಅಬೆಂಡ್ ಎನ್ನುತ್ತಾರೆ, ಅದರಲ್ಲಿ ಇದು ಒಂದು ಬಗೆ. ಅದು ಯಾಕೆ ಆಗುತ್ತದೆ ಎಂದು ತಿಳಿಯಲು ಈ ಯಂತ್ರ ಹಣವನ್ನು ಹೇಗೆ ಬರೆದಿಡುತ್ತದೆ ಎಂದು ತಿಳಿಯಬೇಕು.

ಸಾಮಾನ್ಯ ಕಂಪ್ಯೂಟರಿನಲ್ಲಿ 0.1ಕ್ಕೆ 0.2 ಕೂಡಿಸಿ ನೋಡಿ. ಎಷ್ಟೋ ಭಾಷೆಗಳಲ್ಲಿ ಉತ್ತರ 0.3 ಬರುವುದಿಲ್ಲ, 0.30000000000000004 ಎಂದು ಬರುತ್ತದೆ. ಮೂರರಲ್ಲಿ ಒಂದು ಪಾಲನ್ನು ನಾವು ದಶಮಾಂಶದಲ್ಲಿ ಬರೆಯಹೋದರೆ 0.333 ಎಂದು ಮುಗಿಯದೆ ಹೋಗುತ್ತದಲ್ಲ, ಹಾಗೆ ಹತ್ತರಲ್ಲಿ ಒಂದು ಪಾಲು ಎರಡರ ಲೆಕ್ಕದಲ್ಲಿ ಎಂದೂ ಮುಗಿಯುವುದಿಲ್ಲ. ಒಂದು ಖಾತೆಯಲ್ಲಿ ಆ ಕೂದಲೆಳೆ ವ್ಯತ್ಯಾಸ ಯಾರ ಕಣ್ಣಿಗೂ ಬೀಳದು. ಕೋಟಿ ಖಾತೆಗೆ, ದಿನದಿನ ಬಡ್ಡಿ ಹಾಕಿದರೆ? ಲೆಕ್ಕ ಪೈಸೆಗೆ ಪೈಸೆ ತಾಳೆಯಾಗಬೇಕು. ಅದಕ್ಕೇ ಮೇನ್‌ಫ್ರೇಮ್ ಹತ್ತರ ಲೆಕ್ಕದಲ್ಲೇ, ನಾವು ಕೈಯಲ್ಲಿ ಬರೆಯುವ ಅಂಕಿಗಳನ್ನು ಹಾಗೆಹಾಗೇ ಇಟ್ಟುಕೊಂಡು ಕೂಡಿ ಕಳೆಯುತ್ತದೆ. ಇದಕ್ಕೆ ಪ್ಯಾಕ್ಡ್ ಡೆಸಿಮಲ್ ಎಂದು ಹೆಸರು. ಒಂದು ಬೈಟಿನಲ್ಲಿ ಎರಡು ಅಂಕಿ. 12345 ಎನ್ನುವುದು 12, 34, 5ಸಿ ಎಂದು ಮೂರು ಬೈಟಿನಲ್ಲಿ ಕೂರುತ್ತದೆ. ಕೊನೆಯ ಅರ್ಧ ಬೈಟಿನಲ್ಲಿರುವ 'ಸಿ' ಜಮೆಯ ಗುರುತು. ಅಲ್ಲಿ 'ಡಿ' ಇದ್ದರೆ ಋಣ.

ಈಗ ಆ ಜಾಗದಲ್ಲಿ ಅಂಕಿಯ ಬದಲು ಖಾಲಿ ಜಾಗ, ಅಂದರೆ ಸ್ಪೇಸ್, ಬಂದು ಕೂತಿದೆ ಎಂದುಕೊಳ್ಳಿ. ಮೇನ್‌ಫ್ರೇಮಿನ ಅಕ್ಷರಮಾಲೆಯಲ್ಲಿ ಸ್ಪೇಸ್‌ನ ಸಂಕೇತ 40. ಮೂರು ಸ್ಪೇಸ್ ಎಂದರೆ 40 40 40. ಕೊನೆಯ ಅರ್ಧ ಬೈಟ್ ಸೊನ್ನೆ. ಅದು ಜಮೆಯೂ ಅಲ್ಲ, ಋಣವೂ ಅಲ್ಲ. ಯಂತ್ರ ಊಹೆ ಮಾಡುವುದಿಲ್ಲ, ಅಲ್ಲೇ ನಿಲ್ಲಿಸಿಬಿಡುತ್ತದೆ. ಅದೇ ಸಾಕ್ ಸೆವೆನ್. ತಪ್ಪು ಲೆಕ್ಕವನ್ನು ಖಾತೆಗೆ ಬರೆಯುವುದಕ್ಕಿಂತ ನಿಂತುಬಿಡುವುದು ಮೇಲು ಎನ್ನುವ ಆ ತೀರ್ಮಾನ ನನಗೆ ಇಂದಿಗೂ ಗೌರವ ಹುಟ್ಟಿಸುತ್ತದೆ. ನಿಂತ ಮೇಲೆ ನಮ್ಮ ಕೆಲಸ ಶುರು. ಯಾವ ಸಾಲಿನಲ್ಲಿ ನಿಂತಿತು, ಆ ಹೊತ್ತಿಗೆ ಯಾವ ದಾಖಲೆ ಕೈಯಲ್ಲಿತ್ತು, ಆ ದಾಖಲೆಗೆ ಸ್ಪೇಸ್ ಎಲ್ಲಿಂದ ಬಂತು? ಮೊದಲು ಓಡಿದ ಯಾವ ಕೆಲಸ ಅದನ್ನು ಬರೆದಿತ್ತು? ಒಂದು ಅಬೆಂಡ್ ಬೆನ್ನು ಹತ್ತಿ ಹೋದರೆ ಇಡೀ ವ್ಯವಸ್ಥೆಯ ನಕ್ಷೆ ಕೈಗೆ ಬರುತ್ತದೆ. ಅದಕ್ಕೇ ಮನೆಯಲ್ಲಿ ಕಲಿಯುವವರಿಗೆ ನಾನು ಹೇಳುವುದು: ಓಡುವ ಪ್ರೋಗ್ರಾಂ ಬರೆದು ಖುಷಿಪಟ್ಟು ಮುಚ್ಚಿಡಬೇಡಿ. ಅದನ್ನು ನೀವೇ ಕೆಡಿಸಿ. ಅಂಕಿಯ ಜಾಗಕ್ಕೆ ಸ್ಪೇಸ್ ತುಂಬಿ, ಫೈಲಿನ ಉದ್ದ ತಪ್ಪು ಬರೆಯಿರಿ, ಇಲ್ಲದ ಪ್ರೋಗ್ರಾಮನ್ನು ಕರೆಯಿರಿ. ಪ್ರತಿ ಸಲ ಯಂತ್ರ ಏನು ಹೇಳುತ್ತದೆ ಎಂದು ನೋಟ್‌ಪುಸ್ತಕದಲ್ಲಿ ಬರೆದಿಡಿ. ನನ್ನದು ಇನ್ನೂರು ಪುಟ ದಾಟಿದೆ.

ಸಂದೇಶಗಳನ್ನು ಓದುವುದಕ್ಕೂ ಒಂದು ಕೀಲಿ ಇದೆ. ಹೆಚ್ಚಾಗಿ ಸಂದೇಶದ ಮೊದಲ ಮೂರು ಅಕ್ಷರ ಅದು ಯಾರ ಮನೆಯದು ಎಂದು ಹೇಳುತ್ತದೆ. ನಮ್ಮಲ್ಲಿ ಹೆಸರಿನ ಹಿಂದಿನ ಇನಿಷಿಯಲ್ ನೋಡಿ ಊರು ಯಾವುದು, ಯಾರ ಮಗ ಎಂದು ಅಂದಾಜು ಮಾಡುವುದಿಲ್ಲವೇ, ಹಾಗೆ. ಡಿಎಫ್‌ಎಚ್ ಎಂದಿದ್ದರೆ ಅದು ಆನ್‌ಲೈನ್ ವಹಿವಾಟು ನಡೆಸುವ ಸಿಐಸಿಎಸ್‌ನದು, ಡಿಎಸ್‌ಎನ್ ಎಂದಿದ್ದರೆ ಡಿಬಿ2 ದತ್ತಸಂಚಯದ್ದು, ಐಜಿಝಡ್ ಕೋಬಾಲಿನದು, ಐಇಸಿ ಫೈಲುಗಳನ್ನು ತೆರೆದು ಮುಚ್ಚುವ ವಿಭಾಗದ್ದು. ಕೊನೆಯಲ್ಲಿ 'ಐ' ಇದ್ದರೆ ಬರೀ ಮಾಹಿತಿ, 'ಎ' ಇದ್ದರೆ ಯಾರಾದರೂ ಎದ್ದು ಏನಾದರೂ ಮಾಡಬೇಕು. ಇಷ್ಟು ತಿಳಿದರೆ ಮೂರು ಸಾವಿರ ಸಾಲಿನ ವರದಿಯಲ್ಲಿ ಯಾವ ಹತ್ತು ಸಾಲು ನೋಡಬೇಕು ಎನ್ನುವುದು ಕಣ್ಣಿಗೆ ತಾನಾಗಿ ಸಿಗುತ್ತದೆ.

ಇನ್ನು ಜೆಸಿಎಲ್. ಯಾವ ಪ್ರೋಗ್ರಾಂ ಓಡಬೇಕು, ಯಾವ ಫೈಲು ಕೊಡಬೇಕು ಎಂದು ಯಂತ್ರಕ್ಕೆ ಬರೆದುಕೊಡುವ ಚೀಟಿ ಇದು. ಇದರ ಹಿಂದಿನ ಯೋಚನೆ ಮದುವೆ ಮನೆಯದೇ. ಅಡುಗೆ ಭಟ್ಟರು "ಅಕ್ಕಿ ತನ್ನಿ" ಎನ್ನುತ್ತಾರೆ. ಯಾವ ಅಂಗಡಿಯ ಅಕ್ಕಿ, ಯಾವ ಮೂಟೆ ಎಂದು ಅವರಿಗೆ ಗೊತ್ತಿರಬೇಕಾಗಿಲ್ಲ, ಅದು ಉಗ್ರಾಣದವನ ಪಾಲು. ಕೋಬಾಲ್ ಪ್ರೋಗ್ರಾಂ ಕೂಡ ಒಂದು ಸಣ್ಣ ಹೆಸರು ಹೇಳಿ ಫೈಲು ಕೇಳುತ್ತದೆ. ಆ ಹೆಸರಿಗೆ ಇವತ್ತು ಯಾವ ನಿಜವಾದ ಫೈಲು ಎಂದು ಕಟ್ಟಿಕೊಡುವುದು ಜೆಸಿಎಲ್. ಅದಕ್ಕೇ ಒಂದೇ ಪ್ರೋಗ್ರಾಂ ಮುಟ್ಟದೆ ನಲವತ್ತು ಶಾಖೆಗಳ ಲೆಕ್ಕ ಮಾಡುತ್ತದೆ. ಯೋಚನೆ ಚೆಂದ, ಭಾಷೆ ಒರಟು. 360ರ ಯೋಜನೆಯನ್ನು ಮುನ್ನಡೆಸಿದ ಫ್ರೆಡ್ ಬ್ರೂಕ್ಸ್ ಅವರೇ, ತಮ್ಮ ಉಸ್ತುವಾರಿಯಲ್ಲಿ ಹುಟ್ಟಿದ ಈ ಭಾಷೆಯಷ್ಟು ಕೆಟ್ಟದ್ದು ಇನ್ನೊಂದಿಲ್ಲ ಎಂದು ಒಪ್ಪಿಕೊಂಡಿದ್ದರು. ಅದರಲ್ಲಿ ಕಾಂಡ್ ಎಂಬ ಒಂದು ಷರತ್ತಿದೆ. ಷರತ್ತು ನಿಜವಾದರೆ ಆ ಹಂತ ಓಡುತ್ತದೆ ಎಂದು ನಾವು ಎಣಿಸುತ್ತೇವೆ. ಅಲ್ಲಿ ನಿಜವಾದರೆ ಹಂತವನ್ನು ಬಿಟ್ಟು ಮುಂದೆ ಹೋಗುತ್ತದೆ. ಒಂಬತ್ತು ವರ್ಷ ಕೆಲಸ ಮಾಡಿದ್ದ ನಾನು ಮರಳಿ ಬಂದಾಗ ಮತ್ತೆ ಅಲ್ಲೇ ಎಡವಿದೆ.

ಮನೆಯ ಎಂವಿಎಸ್‌ನಲ್ಲಿರುವ ಕೋಬಾಲ್ ಕಂಪೈಲರ್ 1968ರ ಮಾನಕದ್ದು. ಅದರಲ್ಲಿ ಎಂಡ್-ಇಫ್ ಇಲ್ಲ, ಅದು ಬಂದದ್ದು 1985ರಲ್ಲಿ. ಅದಕ್ಕೂ ಮುಂಚೆ ಒಂದು 'ಇಫ್' ಎಲ್ಲಿಗೆ ಮುಗಿಯುತ್ತದೆ ಎಂದು ತೀರ್ಮಾನಿಸುತ್ತಿದ್ದದ್ದು ಒಂದು ಪೂರ್ಣವಿರಾಮ. ಆ ಚುಕ್ಕಿ ಒಂದು ಸಾಲು ಮೇಲೆ ಬಿದ್ದರೆ, ದಂಡ ಕಟ್ಟಬೇಕಾದವರಿಗೆ ಮಾತ್ರ ಓಡಬೇಕಾದ ಸಾಲು ಎಲ್ಲರಿಗೂ ಓಡುತ್ತದೆ. ಇಂಥ ಹಳೆಯ ಕಂಪೈಲರಿನಲ್ಲಿ ಕಲಿತು ಏನು ಪ್ರಯೋಜನ ಎಂದು ಕೆಲವರು ಕೇಳುತ್ತಾರೆ. ನನ್ನ ಅನುಭವ ಬೇರೆ. ಕಚೇರಿಯಲ್ಲಿ ಇಂದು ಕೈಗೆ ಬರುವ ಪ್ರೋಗ್ರಾಮುಗಳ ಅರ್ಧ ಭಾಗ ಎಂಡ್-ಇಫ್ ಹುಟ್ಟುವ ಮೊದಲಿನ ಶೈಲಿಯಲ್ಲೇ ಇರುತ್ತದೆ. ಆ ಚುಕ್ಕಿಯನ್ನು ಹುಡುಕುವ ಕಣ್ಣು ನನಗೆ ಸಿಕ್ಕಿದ್ದು ಮಗಳ ಲ್ಯಾಪ್‌ಟಾಪಿನಲ್ಲಿ.

ಲ್ಯಾಪ್‌ಟಾಪಿನಲ್ಲೇ ನೇರವಾಗಿ ಓಡುವ ಗ್ನೂಕೋಬಾಲ್ ಎಂಬ ಉಚಿತ ಕಂಪೈಲರ್ ಕೂಡ ಇದೆ. ಅದು ಹೊಸ ಶೈಲಿಗೆ ಒಳ್ಳೆಯದು. ಒಂದು ಎಚ್ಚರಿಕೆ ಮಾತ್ರ. ಗ್ರಾಹಕರ ಸಂಕೇತಗಳನ್ನು ವಿಂಗಡಿಸುವ ನನ್ನ ಒಂದು ಪ್ರೋಗ್ರಾಂ ಅಲ್ಲಿ ಒಂದು ಕ್ರಮ ಕೊಟ್ಟಿತು, ಎಂವಿಎಸ್‌ನಲ್ಲಿ ಇನ್ನೊಂದು. ಎರಡು ಸಂಜೆ ತಲೆ ಕೆಡಿಸಿಕೊಂಡೆ. ತಪ್ಪು ಪ್ರೋಗ್ರಾಮಿನದಲ್ಲ. ಲ್ಯಾಪ್‌ಟಾಪು ಬಳಸುವ ಆಸ್ಕಿ ಸಂಕೇತದಲ್ಲಿ ಅಂಕಿಗಳು ಮೊದಲು, ಅಕ್ಷರಗಳು ಆಮೇಲೆ. ಮೇನ್‌ಫ್ರೇಮಿನ ಎಬ್ಸಿಡಿಕ್‌ನಲ್ಲಿ ಅಕ್ಷರಗಳು ಮೊದಲು, ಅಂಕಿಗಳು ಕೊನೆಗೆ. ಒಂದು ಯಂತ್ರದಿಂದ ಇನ್ನೊಂದಕ್ಕೆ ವ್ಯವಸ್ಥೆ ಸಾಗಿಸುವಾಗ ದೊಡ್ಡ ದೊಡ್ಡ ತಂಡಗಳನ್ನೇ ಕಾಡುವ ಸಮಸ್ಯೆ ಇದು.

ಇಂದಿನ ನಿಜವಾದ ಯಂತ್ರದ ಮೇಲೆ ಕೈಯಾಡಿಸಲೂ ದಾರಿ ಇದೆ. ಐಬಿಎಂನವರೇ ನಡೆಸುವ ಝಡ್ ಎಕ್ಸ್‌ಪ್ಲೋರ್ ಉಚಿತ ಕಲಿಕೆ; ವಿಎಸ್ ಕೋಡ್ ಎಂಬ ಸಾಮಾನ್ಯ ಎಡಿಟರಿನಿಂದಲೇ ಅವರ ಝಡ್/ಒಎಸ್‌ಗೆ ಹೋಗಿ ಸವಾಲುಗಳನ್ನು ಬಿಡಿಸಬಹುದು. ಲಿನಕ್ಸ್ ಫೌಂಡೇಶನ್ನಿನ ಓಪನ್ ಮೇನ್‌ಫ್ರೇಮ್ ಪ್ರಾಜೆಕ್ಟ್ 2020ರಲ್ಲಿ ಒಂದು ಕೋಬಾಲ್ ಪಾಠಮಾಲೆಯನ್ನೇ ಉಚಿತವಾಗಿ ಬಿಡುಗಡೆ ಮಾಡಿತು. ಐಬಿಎಂ ರೆಡ್‌ಬುಕ್‌ಗಳೂ ಹಣ ಕೊಡದೆ ಸಿಗುತ್ತವೆ. ಅವುಗಳಲ್ಲಿ ಇಂಟ್ರೊಡಕ್ಷನ್ ಟು ದ ನ್ಯೂ ಮೇನ್‌ಫ್ರೇಮ್ ಎಂಬುದನ್ನು ಮೊದಲು ಓದಿ. ದುಡ್ಡು ಕಟ್ಟಿಸಿಕೊಳ್ಳುವ ತರಗತಿಗಳಿಗೆ ಸೇರುವ ಮುಂಚೆ ಇವಿಷ್ಟನ್ನು ಮುಗಿಸಿ ನೋಡಿ ಎನ್ನುವುದು ನನ್ನ ಕಳಕಳಿಯ ಮನವಿ. ಕೆಲಸಕ್ಕೆ ಮರಳುವ ಆತಂಕದಲ್ಲಿರುವ ಹೆಂಗಸರಿಂದ ಅರವತ್ತು ಎಪ್ಪತ್ತು ಸಾವಿರ ಕಿತ್ತು, ಕೊನೆಗೆ ಒಂದು ಸರ್ಟಿಫಿಕೇಟು ಕೈಗಿಟ್ಟು ಕಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮನೆಯಲ್ಲಿ ಸಿಗದ್ದೂ ಇದೆ, ಅದನ್ನು ಮುಚ್ಚಿಡಬಾರದು. ಬದಲಾವಣೆಗಳನ್ನು ಕಾಯುವ ಎಂಡೆವರ್, ಕೆಲಸಗಳ ವೇಳಾಪಟ್ಟಿ ನಡೆಸುವ ಕಂಟ್ರೋಲ್-ಎಂ, ಫೈಲು ತೆರೆದು ನೋಡುವ ಫೈಲ್-ಏಡ್ ಇವೆಲ್ಲ ಕಂಪನಿಗಳಲ್ಲಿ ಮಾತ್ರ ಕಾಣುವಂಥವು. ಸಂದರ್ಶನದಲ್ಲಿ ಇವುಗಳ ಹೆಸರು ಬಂದಾಗ, ಬಳಸಿಲ್ಲ, ಯಾಕೆ ಬಳಸುತ್ತಾರೆ ಎಂದು ಗೊತ್ತು ಎಂದು ನೇರವಾಗಿ ಹೇಳುವುದೇ ಸರಿ. ಒಂದು ವಾರದಲ್ಲಿ ಕಲಿಯಬಹುದಾದ ಉಪಕರಣಗಳಿವು.

ನನ್ನ ಸಂದರ್ಶನಗಳ ವಿಷಯ. ಮೊದಲ ಎರಡು ಕಡೆ ಹದಿನಾಲ್ಕು ವರ್ಷದ ಅಂತರ ನೋಡಿ ಹತ್ತು ನಿಮಿಷದಲ್ಲಿ ಮುಗಿಸಿದರು. ಒಬ್ಬ ಹುಡುಗ "ಮೇಡಂ, ಈ ವಯಸ್ಸಿನಲ್ಲಿ ಯಾಕೆ?" ಎಂದೇ ಕೇಳಿದ. ಅದು ಬಹಳ ದಿನ ನೋಯಿಸಿತು. ಮೂರನೆಯ ಕಡೆ ನನ್ನ ಬಯೋಡೇಟಾ ಪಕ್ಕಕ್ಕಿಟ್ಟು, ಒಂದು ಕೆಲಸದ ವರದಿಯನ್ನು ಪರದೆಗೆ ತಂದು, ಏನಾಗಿದೆ ಹೇಳಿ ಅಂದರು. ಐಇಸಿ ಎಂದು ಶುರುವಾಗುವ ಸಾಲು ಹುಡುಕಿದೆ. 013-18 ಎಂದಿತ್ತು. ಮನೆ ಸಿಕ್ಕಿದೆ, ಮನೆಯೊಳಗೆ ಆ ಹೆಸರಿನವರು ಇಲ್ಲ ಎನ್ನುವಂಥ ದೋಷ ಅದು: ಲೈಬ್ರರಿ ಇದೆ, ಕೇಳಿದ ಸದಸ್ಯ ಅದರಲ್ಲಿಲ್ಲ. ನನ್ನ ನೋಟ್‌ಪುಸ್ತಕದ ಹದಿನೇಳನೇ ಪುಟ. ಯಾವ ಫೈಲು, ಹೆಸರಿನಲ್ಲಿ ಯಾವ ಅಕ್ಷರ ತಪ್ಪಿರಬಹುದು ಎಂದೂ ಹೇಳಿದೆ. 2021ರ ಕೊನೆಗೆ ಕೆಲಸಕ್ಕೆ ಸೇರಿದೆ. ಮೊದಲಿದ್ದ ದರ್ಜೆಗಿಂತ ಎರಡು ಮೆಟ್ಟಿಲು ಕೆಳಗೆ, ಅದನ್ನೂ ಹೇಳಿಬಿಡಬೇಕು.

ಈ ಯಂತ್ರ ಇನ್ನೆಷ್ಟು ದಿನ ಎನ್ನುವ ಪ್ರಶ್ನೆ ಕೆಳಗಿನ ಮನೆಯ ಹುಡುಗಿಯೂ ಕೇಳಿದಳು. 1991ರಲ್ಲಿ ಸ್ಟುವರ್ಟ್ ಆಲ್ಸಪ್ ಎಂಬ ಹೆಸರಾಂತ ಅಂಕಣಕಾರ, ಕೊನೆಯ ಮೇನ್‌ಫ್ರೇಮಿನ ಪ್ಲಗ್ಗು 1996ರ ಮಾರ್ಚ್ 15ರಂದು ಕೀಳುತ್ತಾರೆ ಎಂದು ದಿನಾಂಕ ಸಮೇತ ಬರೆದಿದ್ದರು. ಅದಾಗಲಿಲ್ಲ, ಅವರೂ ಒಪ್ಪಿಕೊಂಡರು. ಬಿಟ್ಟು ಹೋಗಬೇಕೆನ್ನುವವರಿಗೂ ದಾರಿ ಸುಲಭವಿಲ್ಲ. 2018ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು ತನ್ನ ಖಾತೆಗಳನ್ನು ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ಒಂದೇ ವಾರಾಂತ್ಯದಲ್ಲಿ ಸಾಗಿಸಲು ಹೋದಾಗ, 19 ಲಕ್ಷ ಗ್ರಾಹಕರು ತಮ್ಮ ಹಣವನ್ನೇ ನೋಡಲಾಗದೆ ಒದ್ದಾಡಿದರು. 2022ರಲ್ಲಿ ನಿಯಂತ್ರಕರು 4.8 ಕೋಟಿ ಪೌಂಡಿಗೂ ಹೆಚ್ಚು ದಂಡ ಹಾಕಿದರು. 2023ರಲ್ಲಿ ಐಬಿಎಂ ಕೋಬಾಲನ್ನು ಜಾವಾಕ್ಕೆ ತಿರುಗಿಸುವ ಎಐ ಸಲಕರಣೆಯನ್ನು ಪ್ರಕಟಿಸಿತು. ಅಂಥವು ಇನ್ನೂ ಚುರುಕಾಗುತ್ತವೆ, ಸಂಶಯವಿಲ್ಲ. ಆದರೆ ತಿರುಗಿಸಿದ್ದು ಮೂಲದಂತೆಯೇ ಇದೆಯೇ ಎಂದು ನೋಡಲು ಮೂಲವನ್ನು ಓದಬಲ್ಲವರು ಬೇಕು. ಹದಿನೈದು ವರ್ಷದ ದುಡಿಮೆ ಬಾಕಿ ಇರುವವರಿಗೆ ಇಲ್ಲಿ ಜಾಗವಿದೆ ಎಂದು ನಾನು ನಂಬುತ್ತೇನೆ. ಇಪ್ಪತ್ತೆರಡರ ಹುಡುಗನಿಗೆ ಇದೊಂದನ್ನೇ ಹಿಡಿ ಎಂದು ಹೇಳಲಾರೆ.

ಹೋದ ಭಾನುವಾರ ಅವಳು ಗಂಡನ ಹಳೆಯ ಲ್ಯಾಪ್‌ಟಾಪು ಹಿಡಿದು ಮೇಲೆ ಬಂದಳು. ಕಾಫಿ ಆಗುವಷ್ಟರಲ್ಲಿ ಎಂವಿಎಸ್ ಎದ್ದು ನಿಂತಿತ್ತು. ಮೊದಲ ಕೆಲಸವಾಗಿ ಐಇಎಫ್‌ಬಿಆರ್14 ಎಂಬ ಪ್ರೋಗ್ರಾಮನ್ನು ಓಡಿಸಲು ಹೇಳಿದೆ. ಅದು ಏನೂ ಮಾಡುವುದಿಲ್ಲ. ಕರೆದವರ ಬಳಿಗೆ ಹಿಂದಿರುಗು ಎನ್ನುವ ಒಂದೇ ಆಜ್ಞೆ ಅದರಲ್ಲಿತ್ತು. ಏನೂ ಮಾಡದ ಆ ಪ್ರೋಗ್ರಾಮಿನಲ್ಲೂ ಮೊದಲಿಗೆ ಒಂದು ತಪ್ಪಿತ್ತು: ಎಲ್ಲ ಸರಿ ಎಂದು ತಿಳಿಸುವ ಸೊನ್ನೆಯನ್ನು ಅದು ಇಡುತ್ತಿರಲಿಲ್ಲ, ಹಿಂದಿನವರು ಬಿಟ್ಟುಹೋದ ಯಾವುದೋ ಅಂಕಿಯನ್ನು ಹಾಗೇ ಹೊತ್ತು ತರುತ್ತಿತ್ತು. ಆಮೇಲೆ ಇನ್ನೊಂದು ಆಜ್ಞೆ ಸೇರಿಸಿ ಸರಿಪಡಿಸಿದರು.

ಅವಳು ಮೂರು ಸಾಲಿನ ಜೆಸಿಎಲ್ ಬರೆದು ಕಳಿಸಿದಳು. ಬಿತ್ತು. ಒಂದು ಕಾಮಾ ಆದ ಮೇಲೆ ಅಭ್ಯಾಸಬಲದಿಂದ ಒಂದು ಸ್ಪೇಸ್ ಬಿಟ್ಟಿದ್ದಳು. ಜೆಸಿಎಲ್‌ಗೆ ಸ್ಪೇಸ್ ಆದ ಮೇಲಿನದೆಲ್ಲ ಬರೀ ಟಿಪ್ಪಣಿ. ಕಾಮಾ ಇದೆ, ಮುಂದಿನ ಸಾಲು ಬರಲಿಲ್ಲ ಎಂದು ಯಂತ್ರ ದೂರಿತ್ತು. ತಿದ್ದಿ ಮತ್ತೆ ಕಳಿಸಿದಳು. ಈ ಸಲ ಸೊನ್ನೆ ಸೊನ್ನೆ ಸೊನ್ನೆ ಸೊನ್ನೆ.

"ಅಕ್ಕಾ, ಇದು ಏನೂ ಮಾಡ್ಲೇ ಇಲ್ವಲ್ಲ?" ಅಂದಳು.

"ಮೇಲಿಂದ ಓದು," ಅಂದೆ.

ಕಾಫಿ ಲೋಟ ಪಕ್ಕಕ್ಕೆ ಸರಿಸಿ ವರದಿಯ ತುದಿಗೆ ಹೋದಳು. ಕೆಲಸ ಯಾವಾಗ ಒಳಗೆ ಬಂತು, ಯಾವ ಸಾಲಿನಲ್ಲಿ ಕಾಯಿತು, ಯಾವಾಗ ಶುರುವಾಯಿತು, ಎಷ್ಟು ಹೊತ್ತು ಓಡಿತು. ಬೆರಳು ಇಟ್ಟುಕೊಂಡು ಒಂದೊಂದೇ ಸಾಲು ಇಳಿದಳು. ನಡುವೆ ಒಂದು ಕಡೆ ನಿಂತು, ಕನ್ನಡಕ ಮೇಲೆ ಸರಿಸಿ ಕೇಳಿದಳು: "ಇಲ್ಲಿ ಐಇಎಫ್ ಅಂತ ಇದೆ. ಇದು ಯಾರ ಮನೇದು?"